ಐಸ್ ಸ್ಟಾರ್ಮ್ ಬಂದಾಗ ಊರು ಹೇಗೆ ಬದುಕುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಕೆನಡಾದ ಮಾಂಟ್ರಿಯಲ್, ಆಟವಾ ಕಡೆಗೆ ಹೊಸದಾಗಿ ಬರುವ ಕನ್ನಡದ ಹುಡುಗ ಹುಡುಗಿಯರು, ಅವರ ಅಪ್ಪ ಅಮ್ಮಂದಿರು ಪ್ರತಿ ಚಳಿಗಾಲ ಕೇಳುವ ಪ್ರಶ್ನೆಗಳಿವು. ಇಲ್ಲಿರುವ ಹೆಚ್ಚಿನ ಉತ್ತರಗಳನ್ನು ಈ ಭಾಗದ ಜನ 1998ರ ಜನವರಿಯಲ್ಲಿ ಕಷ್ಟಪಟ್ಟು ಕಲಿತರು. ಆ ಕಥೆ ಗೊತ್ತಿಲ್ಲದೆ ಬರೀ 'ಟಾರ್ಚ್ ಇಟ್ಟುಕೊಳ್ಳಿ, ಬ್ಯಾಟರಿ ಇಟ್ಟುಕೊಳ್ಳಿ' ಅಂದರೆ ಯಾರ ತಲೆಯಲ್ಲೂ ಉಳಿಯುವುದಿಲ್ಲ. ಹಾಗಾಗಿ ಎರಡನ್ನೂ ಸೇರಿಸಿ ಬರೆದಿದ್ದೇನೆ.

ಐಸ್ ಸ್ಟಾರ್ಮ್ ಅಂದರೆ ಜೋರಾಗಿ ಹಿಮ ಬೀಳೋದಾ?

ಅಲ್ಲ. ಹಿಮ ಬಿದ್ದರೆ ಇಲ್ಲಿಯವರು ತಲೆ ಕೆಡಿಸಿಕೊಳ್ಳುವುದಿಲ್ಲ. ಸಲಿಕೆ ಹಿಡಿದು ತಳ್ಳುತ್ತಾರೆ, ಕೆಲಸಕ್ಕೆ ಹೋಗುತ್ತಾರೆ. ಐಸ್ ಸ್ಟಾರ್ಮ್‌ನಲ್ಲಿ ಬೀಳುವುದು ಮಳೆ. ಆಕಾಶದಲ್ಲಿ ಮೇಲೆ ಬೆಚ್ಚಗಿನ ಗಾಳಿಯ ಪದರ, ನೆಲದ ಹತ್ತಿರ ಸೊನ್ನೆ ಡಿಗ್ರಿಗಿಂತ ಕೆಳಗಿನ ತಣ್ಣನೆ ಪದರ. ಮೇಲೆ ಕರಗಿ ನೀರಾದ ಹನಿಗೆ ಕೆಳಗಿನ ತೆಳು ಪದರ ದಾಟುವಷ್ಟರಲ್ಲಿ ಮತ್ತೆ ಗಟ್ಟಿಯಾಗಲು ಹೊತ್ತು ಸಾಲುವುದಿಲ್ಲ. ನೀರಾಗಿಯೇ ಇಳಿದು, ಮುಟ್ಟಿದ್ದಕ್ಕೆ ಅಲ್ಲೇ ಐಸ್ ಆಗಿ ಅಂಟಿಕೊಳ್ಳುತ್ತದೆ.

ಒಂದು ರೆಂಬೆ ಕೈಯಲ್ಲಿ ಹಿಡಿದು ನೋಡಿದರೆ ಗೊತ್ತಾಗುತ್ತದೆ. ಒಳಗೆ ಕಡ್ಡಿಯಷ್ಟು ಸಣ್ಣ ಮರ, ಮೊಗ್ಗುಗಳ ಸಮೇತ ಎಲ್ಲ ಸ್ಪಷ್ಟವಾಗಿ ಕಾಣುತ್ತದೆ. ಸುತ್ತಲೂ ಬೆರಳಿನಷ್ಟು ದಪ್ಪ ಐಸ್. ಕೆಳಭಾಗದಲ್ಲಿ ಸಾಲಾಗಿ ಚೂಪು ಹಲ್ಲುಗಳು. ನೋಡಲು ತುಂಬ ಚೆಂದ. ಆದರೆ ತೂಕ ಮಾತ್ರ ಕೈ ಜಗ್ಗುವಷ್ಟು. ಇದೇ ತೂಕ ಊರಿನ ಪ್ರತಿ ಮರದ ಮೇಲೆ, ಪ್ರತಿ ತಂತಿಯ ಮೇಲೆ ಒಟ್ಟಿಗೇ ಕೂತರೆ ಏನಾಗಬಹುದು, ಯೋಚನೆ ಮಾಡಿ.

1998ರಲ್ಲಿ ನಿಜಕ್ಕೂ ಆಗಿದ್ದೇನು?

ಮೆಕ್ಸಿಕೋ ಕೊಲ್ಲಿಯಿಂದ ಬೆಚ್ಚಗಿನ ಒದ್ದೆ ಗಾಳಿ ಉತ್ತರಕ್ಕೆ ಹರಿದು ಬಂತು. ಸೇಂಟ್ ಲಾರೆನ್ಸ್ ಮತ್ತು ಆಟವಾ ನದಿಗಳ ಕಣಿವೆಯಲ್ಲಿ ತಣ್ಣನೆ ಗಾಳಿ ಕೂತಿತ್ತು, ಜಾಗ ಬಿಡಲಿಲ್ಲ. ಸಾಮಾನ್ಯವಾಗಿ ಇಂಥ ಮಳೆ ಕೆಲವು ಗಂಟೆ ಸುರಿದು ನಿಲ್ಲುತ್ತದೆ. ಆ ಸಲ ಜನವರಿ 5ರ ಸುಮಾರಿಗೆ ಶುರುವಾದದ್ದು ಬಿಟ್ಟು ಬಿಟ್ಟು 10ರವರೆಗೂ ಬಿತ್ತು. ಆಟವಾದಲ್ಲಿ ಸುಮಾರು 85 ಮಿಲಿಮೀಟರ್, ಮಾಂಟ್ರಿಯಲ್‌ನಲ್ಲಿ ಸುಮಾರು 100, ಕಾರ್ನ್‌ವಾಲ್‌ನಲ್ಲಿ ಅದಕ್ಕಿಂತ ಜಾಸ್ತಿ. ಒಟ್ಟು 80 ಗಂಟೆಗೂ ಹೆಚ್ಚು. ಇಡೀ ವರ್ಷದಲ್ಲಿ ಇಲ್ಲಿ ಸಾಮಾನ್ಯವಾಗಿ ಬೀಳುವ ಇಂಥ ಐಸ್ ಮಳೆಗಿಂತ ಇದೊಂದೇ ವಾರದಲ್ಲಿ ಜಾಸ್ತಿ.

ಕರೆಂಟ್ ಲೈನಿನ ಸುಮಾರು 1,000 ಉಕ್ಕಿನ ಗೋಪುರಗಳು, 30,000ಕ್ಕೂ ಹೆಚ್ಚು ಮರದ ಕಂಬಗಳು ಬಿದ್ದವು. ಒಂದು ಗೋಪುರ ಬಿದ್ದರೆ ತಂತಿಯ ಎಳೆತಕ್ಕೆ ಪಕ್ಕದ್ದೂ ಬೀಳುತ್ತಿತ್ತು, ಅದರ ಪಕ್ಕದ್ದೂ. ಮಾಂಟ್ರಿಯಲ್ ಇರುವ ಕ್ವಿಬೆಕ್ ಪ್ರಾಂತ್ಯದಲ್ಲೇ ಸುಮಾರು 14 ಲಕ್ಷ ಸಂಪರ್ಕಗಳಿಗೆ ಕರೆಂಟ್ ಹೋಯಿತು. ಜನರ ಲೆಕ್ಕದಲ್ಲಿ ಅದು 30 ಲಕ್ಷ ದಾಟುತ್ತದೆ. ಮಾಂಟ್ರಿಯಲ್‌ನ ದಕ್ಷಿಣಕ್ಕೆ ಸೇಂಟ್ ಯಾಸಾಂತ್, ಗ್ರಾನ್ಬಿ, ಸೇಂಟ್ ಜಾನ್ ಸುರ್ ರಿಶೆಲ್ಯೂ ಎಂಬ ಮೂರು ಊರುಗಳ ನಡುವಿನ ಪ್ರದೇಶಕ್ಕೆ 'ಕತ್ತಲ ತ್ರಿಕೋನ' ಅಂತಲೇ ಹೆಸರು ಬಿತ್ತು. ಅಲ್ಲಿ ಕೆಲವು ಮನೆಗಳಿಗೆ ಕರೆಂಟ್ ಬರಲು ಐದು ವಾರ ಹಿಡಿಯಿತು. ಕೆನಡಾದಲ್ಲಿ 28 ಜನ ತೀರಿಕೊಂಡರು. ಅಮೆರಿಕದ ಮೇನ್, ವರ್ಮಾಂಟ್, ನ್ಯೂ ಹ್ಯಾಂಪ್‌ಷೈರ್, ನ್ಯೂಯಾರ್ಕ್ ರಾಜ್ಯದ ಉತ್ತರ ಭಾಗಗಳೂ ಪೆಟ್ಟು ತಿಂದವು.

ಮಾಂಟ್ರಿಯಲ್‌ಗೆ ಅತಿ ಕೆಟ್ಟ ದಿನ ಜನವರಿ 9, ಶುಕ್ರವಾರ. ನಗರಕ್ಕೆ ಕರೆಂಟ್ ತರುವ ದೊಡ್ಡ ಲೈನುಗಳು ಒಂದೊಂದಾಗಿ ಹೋಗಿ, ಕೊನೆಗೆ ಒಂದರ ಮೇಲೆ ನಗರ ನಿಂತಿತ್ತು. ನೀರು ಶುದ್ಧೀಕರಿಸುವ ಘಟಕಗಳಿಗೂ ಕರೆಂಟ್ ತಪ್ಪಿತು. ಮೆಟ್ರೋ ನಿಂತಿತು. ಸೇತುವೆಗಳ ಮೇಲಿಂದ ಐಸ್ ಗಡ್ಡೆಗಳು ಬೀಳುತ್ತಿದ್ದರಿಂದ ಅವನ್ನೂ ಮುಚ್ಚಬೇಕಾಯಿತು.

ನಮ್ಮೂರಲ್ಲಿ ದಿನಾ ಕರೆಂಟ್ ಹೋಗುತ್ತದೆ. ಇದಕ್ಕೆ ಇಷ್ಟೊಂದು ಭಯ ಯಾಕೆ?

ಇದು ಊರಿನ ಹಿರಿಯರು ತಪ್ಪದೇ ಕೇಳುವ ಪ್ರಶ್ನೆ. ನಮ್ಮ ಹಳ್ಳಿಯಲ್ಲಿ ಮೂರು ದಿನ ಕರೆಂಟ್ ಇಲ್ಲದಿದ್ದರೂ ಜೀವಕ್ಕೆ ಅಪಾಯವಿಲ್ಲ. ಇಲ್ಲಿ ಕರೆಂಟ್ ಅಂದರೆ ಬೆಳಕಲ್ಲ, ಬಿಸಿ. ಕ್ವಿಬೆಕ್‌ನಲ್ಲಿ ಉತ್ತರದ ದೊಡ್ಡ ಅಣೆಕಟ್ಟುಗಳಿಂದ ಅಗ್ಗದ ವಿದ್ಯುತ್ ಸಿಗುತ್ತದೆ. ಹಾಗಾಗಿ ಹೆಚ್ಚಿನ ಮನೆಗಳು ಬೆಚ್ಚಗಾಗುವುದೇ ವಿದ್ಯುತ್ತಿನಿಂದ. ಆಟವಾ ಕಡೆ ಗ್ಯಾಸ್ ಫರ್ನೇಸ್ ಜಾಸ್ತಿ. 'ನಮ್ಮದು ಗ್ಯಾಸ್, ಚಿಂತೆ ಇಲ್ಲ' ಅಂತ ಹೊಸಬರು ಅಂದುಕೊಳ್ಳುತ್ತಾರೆ. ಆದರೆ ಆ ಬಿಸಿಯನ್ನು ಮನೆಗೆಲ್ಲ ಊದುವ ಫ್ಯಾನ್‌ಗೆ, ಉರಿ ಹೊತ್ತಿಸುವ ಬೋರ್ಡಿಗೆ ಕರೆಂಟ್ ಬೇಕೇ ಬೇಕು. ಕರೆಂಟ್ ಹೋದರೆ ಅದೂ ನಿಲ್ಲುತ್ತದೆ.

ಮಳೆ ನಿಂತ ಮೇಲೆ ಅಸಲಿ ಚಳಿ ಬರುತ್ತದೆ. 1998ರಲ್ಲೂ ಹಾಗೇ ಆಯಿತು. ಮನೆಯೊಳಗೆ ಉಸಿರು ಹೊಗೆಯಾಗಿ ಕಾಣುತ್ತದೆ. ಆಮೇಲೆ ಗೋಡೆಯೊಳಗಿನ ನೀರಿನ ಪೈಪು ಹೆಪ್ಪುಗಟ್ಟಿ ಒಡೆಯುತ್ತದೆ.

ಆಗ ಜನ ಬದುಕಿದ್ದು ಹೇಗೆ? ಸರ್ಕಾರ ಏನು ಮಾಡಿತು?

ಸರ್ಕಾರ ಮಾಡಿದ್ದು ಕಡಿಮೆಯೇನಲ್ಲ. ಸುಮಾರು 16,000 ಸೈನಿಕರನ್ನು ಇಳಿಸಿದರು. ಪ್ರಕೃತಿ ವಿಕೋಪಕ್ಕಾಗಿ ಕೆನಡಾ ತನ್ನ ನೆಲದಲ್ಲಿ ಅಷ್ಟು ಸೈನ್ಯ ಇಳಿಸಿದ್ದು ಅದೇ ಮೊದಲು. ಸೈನಿಕರು ಮರ ಕಡಿದು ದಾರಿ ಬಿಡಿಸಿದರು, ಲೈನ್‌ಮನ್‌ಗಳಿಗೆ ಹೆಗಲು ಕೊಟ್ಟರು, ಮನೆಮನೆಯ ಬಾಗಿಲು ತಟ್ಟಿದರು. ಬೇರೆ ಪ್ರಾಂತ್ಯಗಳಿಂದ, ಅಮೆರಿಕದಿಂದ ಲೈನ್‌ಮನ್‌ಗಳು ಬಂದರು. ಶಾಲೆ, ಚರ್ಚ್, ಸಮುದಾಯ ಭವನಗಳು ಆಶ್ರಯ ಕೇಂದ್ರಗಳಾದವು. ಕರೆಂಟ್ ಇಲ್ಲದ ಪ್ರತಿಯೊಬ್ಬರಿಗೂ ದಿನಕ್ಕೆ 10 ಡಾಲರ್ ಲೆಕ್ಕದಲ್ಲಿ ಕ್ವಿಬೆಕ್ ಸರ್ಕಾರ ಚೆಕ್ ಕೊಟ್ಟಿತು. ಪ್ರೀಮಿಯರ್ (ಅಂದರೆ ಪ್ರಾಂತ್ಯದ ಮುಖ್ಯಮಂತ್ರಿ) ಲೂಸಿಯಾನ್ ಬೂಶಾರ್ ಮತ್ತು ಅಲ್ಲಿಯ ವಿದ್ಯುತ್ ಕಂಪನಿ ಹೈಡ್ರೋ-ಕ್ವಿಬೆಕ್‌ನ ಮುಖ್ಯಸ್ಥ ಆಂದ್ರೆ ಕಾಯೆ ದಿನಾ ಟಿವಿಯಲ್ಲಿ ಒಟ್ಟಿಗೆ ಕೂತು ಎಲ್ಲಿ ಏನಾಗಿದೆ ಅಂತ ಜನರಿಗೆ ಹೇಳುತ್ತಿದ್ದರು. ಕಾಯೆ ಹಾಕಿಕೊಳ್ಳುತ್ತಿದ್ದ ಕುತ್ತಿಗೆ ಮುಚ್ಚುವ ಸ್ವೆಟರ್ ಈಗಲೂ ಇಲ್ಲಿಯವರಿಗೆ ನೆನಪಿದೆ. ಕೆಟ್ಟ ಸುದ್ದಿಯನ್ನೂ ಮುಚ್ಚಿಡದೆ ದಿನಾ ಹೇಳಿದ್ದು ದೊಡ್ಡ ಕೆಲಸ ಅಂತ ನನಗನಿಸುತ್ತದೆ. ಗೊತ್ತಿಲ್ಲದಿದ್ದಾಗಲೇ ಜನ ಹೆದರುವುದು.

ಆದರೆ ಲೆಕ್ಕ ಹೀಗಿದೆ ನೋಡಿ: ಸುಮಾರು ಆರು ಲಕ್ಷ ಜನ ಮನೆ ಬಿಡಬೇಕಾಯಿತು. ಆಶ್ರಯ ಕೇಂದ್ರಗಳಿಗೆ ಹೋದವರು ಸುಮಾರು ಒಂದು ಲಕ್ಷ. ಉಳಿದವರು ಎಲ್ಲಿದ್ದರು? ಅಕ್ಕನ ಮನೆಯಲ್ಲಿ, ಸ್ನೇಹಿತರ ಮನೆಯಲ್ಲಿ, ಸೌದೆ ಒಲೆ ಇದ್ದ ಪಕ್ಕದ ಮನೆಯಲ್ಲಿ. ಒಂದೇ ಹಾಲ್‌ನಲ್ಲಿ ಮೂರು ನಾಲ್ಕು ಸಂಸಾರ ಮಲಗಿತು. ಒಂದು ಬೀದಿಯಲ್ಲಿ ಯಾರ ಮನೆಯಲ್ಲಿ ಒಲೆ ಇದೆ, ಯಾರಲ್ಲಿ ಜನರೇಟರ್ ಇದೆ, ಯಾವ ಮನೆಯ ಅಜ್ಜಿ ಒಬ್ಬರೇ ಇದ್ದಾರೆ ಅಂತ ಮೊದಲೇ ಗೊತ್ತಿದ್ದ ಕಡೆ ಎಲ್ಲವೂ ಬೇಗ ನಡೆಯಿತು. ನಾನು ಹೊಸಬರಿಗೆ ಹೇಳುವುದೂ ಇದನ್ನೇ. ಅಂಗಡಿಗೆ ಹೋಗಿ ಸಾಮಾನು ತರುವ ಮೊದಲು ಎಡಗಡೆ ಬಲಗಡೆ ಮನೆಯವರ ಪರಿಚಯ ಮಾಡಿಕೊಳ್ಳಿ. ಅಪಾರ್ಟ್‌ಮೆಂಟ್ ಆದರೆ ನಿಮ್ಮ ಮಹಡಿಯವರದ್ದು. ವರ್ಷಗಟ್ಟಲೆ ಲಿಫ್ಟಿನಲ್ಲಿ ಸುಮ್ನೆ ನಕ್ಕು ಹೋಗುವುದು ಸಾಲದು.

ಟ್ರೇನ್ ಎಂಜಿನ್ ರಸ್ತೆಗೆ ಬಂದಿತ್ತಂತೆ, ಹೌದಾ?

ಹೌದು. ಮಾಂಟ್ರಿಯಲ್ ಪಕ್ಕದ ಬೂಶರ್‌ವಿಲ್‌ನಲ್ಲಿ. ಡೀಸೆಲ್ ಲೋಕೋಮೋಟಿವ್ ಅಂದರೆ ಚಕ್ರದ ಮೇಲಿರುವ ದೊಡ್ಡ ಜನರೇಟರ್ ತಾನೆ. ಅದನ್ನು ಹಳಿಯಿಂದ ಎತ್ತಿ, ಬರೀ ರಸ್ತೆಯ ಮೇಲೆ ಪುರಸಭೆ ಕಟ್ಟಡದವರೆಗೆ ಓಡಿಸಿ, ಅಲ್ಲಿಗೆ ಕರೆಂಟ್ ಕೊಟ್ಟರು. ಉಕ್ಕಿನ ಚಕ್ರ ಡಾಂಬರಿನಲ್ಲಿ ಗೆರೆ ಕೊರೆಯಿತು. ರಸ್ತೆ ಆಮೇಲೆ ಸರಿಮಾಡಬಹುದು ಅಂತ ಯಾರೋ ಧೈರ್ಯವಾಗಿ ನಿರ್ಧರಿಸಿದ್ದರಲ್ಲ, ಅದು ನನಗೆ ತುಂಬ ಇಷ್ಟ.

ಹಸು ಸಾಕುವವರ ಗತಿ ಏನಾಯಿತು?

ಈ ಪ್ರಶ್ನೆಯನ್ನು ಹಾಸನ, ಮಂಡ್ಯ ಕಡೆಯ ಹೈನುಗಾರರ ಮನೆಯಿಂದ ಬಂದವರೇ ಕೇಳುವುದು. ಅವರಿಗೆ ಇದರ ಬೇನೆ ತಕ್ಷಣ ತಿಳಿಯುತ್ತದೆ. ಹಾಲು ಕರೆಯುವುದನ್ನು ತಪ್ಪಿಸಿದರೆ ಹಸುವಿಗೆ ಕೆಚ್ಚಲು ಬಾವು. ಇಲ್ಲಿ ಒಂದು ಕೊಟ್ಟಿಗೆಯಲ್ಲಿ ಹತ್ತಾರು ಹಸುಗಳು. ಎಲ್ಲ ಯಂತ್ರದಲ್ಲೇ ಕರೆಯುವುದು. ಕುಡಿಯುವ ನೀರು ಬರುವುದೂ ಪಂಪಿನಿಂದ. ಕೊಟ್ಟಿಗೆಯ ಗಾಳಿ ಫ್ಯಾನ್ ನಿಂತರೆ ಒಳಗೆ ಉಸಿರುಗಟ್ಟುತ್ತದೆ.

ರೈತರು ಜನರೇಟರ್ ಹಂಚಿಕೊಂಡರು. ಒಂದು ಕೊಟ್ಟಿಗೆಯಲ್ಲಿ ಕರೆದು ಮುಗಿಸಿ, ಜನರೇಟರನ್ನು ಟ್ರ್ಯಾಕ್ಟರಿಗೆ ಕಟ್ಟಿ ಮುಂದಿನ ಮನೆಗೆ. ಅಲ್ಲಿ ಮುಗಿಸಿ ಮತ್ತೊಂದು ಮನೆಗೆ. ಹಗಲೂ ರಾತ್ರಿ ಹೀಗೇ. ಹೊತ್ತು ತಪ್ಪಿ ಕರೆದರೂ ಕರೆಯಲೇಬೇಕಿತ್ತು. ಇಷ್ಟೆಲ್ಲ ಮಾಡಿ ಕರೆದ ಹಾಲನ್ನು ತಣ್ಣಗಿಡಲು, ಸಂಸ್ಕರಿಸಲು ಡೈರಿಗಳಿಗೇ ಕರೆಂಟ್ ಇಲ್ಲ. ಸುಮಾರು ಒಂದು ಕೋಟಿ ಲೀಟರ್ ಹಾಲು ಚೆಲ್ಲಬೇಕಾಯಿತು. ಹಾಲು ಚೆಲ್ಲುವವನ ಹೊಟ್ಟೆಯುರಿ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಮೇಪಲ್ ತೋಟದವರದ್ದು ಇನ್ನೂ ದೂರದ ನಷ್ಟ. ಮಾರ್ಚ್‌ನಲ್ಲಿ ಮರದ ರಸ ಇಳಿಸಿ ಸಿರಪ್ ಮಾಡುವ ಹೊತ್ತಿಗೆ ಮರಗಳ ತಲೆಯೇ ಇರಲಿಲ್ಲ. ಒಂದು ಮೇಪಲ್ ರಸ ಕೊಡುವಷ್ಟು ದಪ್ಪವಾಗಲು ಸುಮಾರು 40 ವರ್ಷ ಬೇಕು. ತೆಂಗಿನ ತೋಟ ಕಳೆದುಕೊಂಡವರ ನೋವು ನೆನಪಿಸಿಕೊಳ್ಳಿ.

ಜನ ಸತ್ತಿದ್ದು ಚಳಿಯಿಂದಲೇ?

ಕೆಲವರು ಚಳಿಯಿಂದ. ಕೆಲವರು ಬೆಂಕಿ ಅನಾಹುತದಲ್ಲಿ, ಕೆಲವರು ಬೀಳುವ ಐಸ್‌ನಿಂದ. ಇನ್ನು ಕೆಲವರು ಬೆಚ್ಚಗಿರಲು ಮಾಡಿಕೊಂಡ ಏರ್ಪಾಡಿನಿಂದಲೇ ಸತ್ತರು: ಕಾರ್ಬನ್ ಮೊನಾಕ್ಸೈಡ್. ಈ ಉತ್ತರವನ್ನು ದಯವಿಟ್ಟು ಎರಡು ಸಲ ಓದಿ.

ಇದ್ದಿಲು, ಗ್ಯಾಸ್, ಪೆಟ್ರೋಲ್ ಏನೇ ಉರಿದರೂ ಮುಚ್ಚಿದ ಜಾಗದಲ್ಲಿ ಈ ಅನಿಲ ತುಂಬಿಕೊಳ್ಳುತ್ತದೆ. ಬಣ್ಣವಿಲ್ಲ, ವಾಸನೆ ಇಲ್ಲ. ಮೊದಲು ತಲೆನೋವು, ವಾಕರಿಕೆ, ಮಂಪರು. ಆಮೇಲೆ ಎಚ್ಚರವೇ ಇರುವುದಿಲ್ಲ. ಬೆಂಗಳೂರಿನಲ್ಲಿ ಕಿಟಕಿ ಇಲ್ಲದ ಬಾತ್‌ರೂಮಿನಲ್ಲಿ ಗ್ಯಾಸ್ ಗೀಸರ್ ಹಾಕಿಕೊಂಡು ಜನ ಸತ್ತ ಸುದ್ದಿ ಓದಿದ್ದೀರಲ್ವಾ? ಅದೇ ಅನಿಲ.

ಹಾಗಾಗಿ ಬಾರ್ಬೆಕ್ಯೂ, ಇದ್ದಿಲ ಅಗ್ಗಿಷ್ಟಿಕೆ, ಕ್ಯಾಂಪಿಂಗ್ ಸ್ಟೌವ್ ಯಾವುದನ್ನೂ ಮನೆಯೊಳಗೆ ಹಚ್ಚಬೇಡಿ. ಕಿಟಕಿ ತೆಗೆದಿದ್ದೇನೆ, ಗ್ಯಾರೇಜ್ ಬಾಗಿಲು ತೆಗೆದಿದ್ದೇನೆ ಅನ್ನುವುದು ನಡೆಯುವುದಿಲ್ಲ. ಅಡುಗೆ ಗ್ಯಾಸ್ ಒಲೆಯನ್ನು ಮನೆ ಬಿಸಿ ಮಾಡಲು ಉರಿಸಬೇಡಿ. ಜನರೇಟರ್ ಹೊರಗೇ ಇರಲಿ, ಬಾಗಿಲು ಕಿಟಕಿಯಿಂದ ಕನಿಷ್ಠ 6 ಮೀಟರ್ ದೂರ. ಕಾರಿನಲ್ಲಿ ಕೂತು ಬೆಚ್ಚಗಾಗುವುದಾದರೆ ಕಾರು ಗ್ಯಾರೇಜಿನ ಹೊರಗಿರಬೇಕು, ಹಿಂದಿನ ಹೊಗೆ ಕೊಳವೆಗೆ ಹಿಮ ಮುಚ್ಚಿರಬಾರದು. ಬ್ಯಾಟರಿಯಲ್ಲಿ ಓಡುವ ಕಾರ್ಬನ್ ಮೊನಾಕ್ಸೈಡ್ ಅಲಾರಂ ಒಂದು ಇಟ್ಟುಕೊಳ್ಳಿ. ಒಂದೇ ಸಾಮಾನು ಕೊಳ್ಳಲು ದುಡ್ಡಿದೆ ಅಂದರೆ ಅದನ್ನೇ ಕೊಳ್ಳಿ.

ಕರೆಂಟ್ ಹೋಯಿತು. ಮೊದಲ ರಾತ್ರಿ ಏನು ಮಾಡಬೇಕು?

ಮನೆಯಲ್ಲಿ ಒಂದೇ ಕೋಣೆ ಆರಿಸಿಕೊಳ್ಳಿ. ಚಿಕ್ಕದಾಗಿರಲಿ, ಕಿಟಕಿ ಕಡಿಮೆ ಇರಲಿ. ಉಳಿದ ಬಾಗಿಲು ಮುಚ್ಚಿ, ಸಂದಿಗೆ ಟವೆಲ್ ತುರುಕಿ. ಎಲ್ಲರೂ ಅಲ್ಲೇ ಮಲಗಿ. ಒಂದು ದಪ್ಪ ಜಾಕೆಟ್‌ಗಿಂತ ಮೂರು ತೆಳು ಬಟ್ಟೆ ಒಂದರ ಮೇಲೊಂದು ಹಾಕಿದರೆ ಜಾಸ್ತಿ ಬೆಚ್ಚಗಿರುತ್ತದೆ. ತಲೆಗೆ ಟೋಪಿ, ಕಾಲಿಗೆ ಉಣ್ಣೆ ಕಾಲುಚೀಲ. ಮೇಣದಬತ್ತಿಗಿಂತ ಟಾರ್ಚ್ ವಾಸಿ. ದೇವರ ದೀಪ ಹಚ್ಚಿದರೂ ನಿದ್ದೆಗೆ ಮುಂಚೆ ಆರಿಸಿ.

ನಲ್ಲಿಗಳನ್ನು ಸಣ್ಣಗೆ ಹನಿಯಲು ಬಿಡಿ, ಹರಿಯುವ ನೀರು ಬೇಗ ಗಟ್ಟಿಯಾಗುವುದಿಲ್ಲ. ಮನೆ ಬಿಟ್ಟು ಹೋಗುವುದಾದರೆ ನೀರಿನ ಮುಖ್ಯ ವಾಲ್ವ್ ಬಂದ್ ಮಾಡಿ, ಪೈಪು ಖಾಲಿ ಮಾಡಿ ಹೋಗಿ. ವಾಲ್ವ್ ಎಲ್ಲಿದೆ ಅಂತ ಇವತ್ತೇ ನೋಡಿಟ್ಟುಕೊಳ್ಳಿ. ಬಾಡಿಗೆ ಮನೆಯವರು ಮಾಲೀಕರನ್ನು ಕೇಳಿ.

ಊಟಕ್ಕೇನು?

ಇದರಲ್ಲಿ ನಾವು ಅದೃಷ್ಟವಂತರು. ತೆಳು ಅವಲಕ್ಕಿ, ಹುರಿಗಡಲೆ, ಚಟ್ನಿಪುಡಿ, ಉಪ್ಪಿನಕಾಯಿ, ಬೆಲ್ಲ, ಕಡಲೆಕಾಯಿ, ಚಕ್ಕುಲಿ ಯಾವುದಕ್ಕೂ ಒಲೆ ಬೇಡ. ಅವಲಕ್ಕಿಗೆ ನೀರು ಚಿಮುಕಿಸಿ ಹುಣಸೆ ಗೊಜ್ಜಿನ ಪುಡಿ, ಬೆಲ್ಲ ಕಲಸಿದರೆ ಒಂದು ಹೊತ್ತಿನ ಊಟ. ಪಕ್ಕದ ಮನೆಯವರಿಗೂ ಕೊಡಿ. ಕುಡಿಯುವ ನೀರು ತುಂಬಿಡಿ. ಕರೆಂಟ್ ಇಲ್ಲದಿದ್ದರೆ ಬಾವಿ ಪಂಪು ಇರುವ ಮನೆಗಳಿಗೆ ನೀರೂ ಇಲ್ಲ.

ಫ್ರಿಜ್ ಬಾಗಿಲು ತೆಗೆಯದಿದ್ದರೆ ಸುಮಾರು 4 ಗಂಟೆ, ತುಂಬಿದ ಫ್ರೀಜರ್ ಎರಡು ದಿನ ತಡೆಯುತ್ತದೆ. ಇನ್ಸುಲಿನ್ ತಗೊಳ್ಳುವವರು ಇದೊಂದು ನೆನಪಿಡಿ: ಅದು ಹೆಪ್ಪುಗಟ್ಟಿದರೆ ಹಾಳು. ಬಾಲ್ಕನಿಯಲ್ಲಿ ಇಡಬೇಡಿ, ಒಳಗಿನ ಬಟ್ಟೆಯ ಜೇಬಿನಲ್ಲಿರಲಿ.

ಹೊರಗೆ ಹೋಗಬಹುದಾ?

ಕೆಲಸವಿಲ್ಲದೆ ಬೇಡ. ಬಿದ್ದ ತಂತಿಯಿಂದ ಕನಿಷ್ಠ 10 ಮೀಟರ್ ದೂರ ನಿಲ್ಲಿ. ಸುತ್ತಲೂ ಕತ್ತಲಿದ್ದರೂ ಆ ತಂತಿಯಲ್ಲಿ ಕರೆಂಟ್ ಇರಬಹುದು. ಐಸ್ ಹೊತ್ತ ಮರದ ಕೆಳಗೆ, ಎತ್ತರದ ಕಟ್ಟಡದ ಗೋಡೆಯ ಪಕ್ಕ ನಡೆಯಬೇಡಿ. ಬಾಗಿದ ರೆಂಬೆಯನ್ನು ಅಲ್ಲಾಡಿಸಿ ಐಸ್ ಬಿಡಿಸುವ ಆಸೆ ಬೇಡ, ರೆಂಬೆಯೇ ಮುರಿದು ಮೇಲೆ ಬೀಳುತ್ತದೆ. 2023ರ ಏಪ್ರಿಲ್ 5ರಂದು ಮಾಂಟ್ರಿಯಲ್ ಕಡೆ ಮತ್ತೆ ಐಸ್ ಬಿದ್ದಾಗ 10 ಲಕ್ಷಕ್ಕೂ ಹೆಚ್ಚು ಸಂಪರ್ಕಗಳಿಗೆ ಕರೆಂಟ್ ಹೋಗಿದ್ದು ಮುಖ್ಯವಾಗಿ ಮರಗಳು ತಂತಿಯ ಮೇಲೆ ಬಿದ್ದೇ.

ಪಕ್ಕದ ಮನೆಯ ಅಜ್ಜ ಬರಲ್ಲ ಅಂತಾರೆ. ಬಲವಂತ ಮಾಡೋದಾ?

1998ರಲ್ಲಿ ಬಾಗಿಲು ತಟ್ಟಿದ ಪೊಲೀಸರಿಗೂ ಸೈನಿಕರಿಗೂ ಇದೇ ಕಷ್ಟ ಎದುರಾಯಿತು. ವಯಸ್ಸಾದವರು ಮನೆ ಬಿಡಲು ಒಪ್ಪುವುದಿಲ್ಲ. ಬೆಕ್ಕು ಇದೆ, ಕಳ್ಳರು ಬರುತ್ತಾರೆ, ಯಾರಿಗೂ ತೊಂದರೆ ಕೊಡಬಾರದು ಎಂದು ಕಾರಣ ಕೊಡುತ್ತಾರೆ. 'ಶೆಲ್ಟರ್‌ಗೆ ಹೋಗಿ' ಅಂದರೆ ಯಾರೂ ಏಳುವುದಿಲ್ಲ. 'ನಮ್ಮ ಮನೆಯಲ್ಲಿ ಟೀ ಕಾಯಿಸಿದ್ದೇವೆ, ಬೆಕ್ಕನ್ನೂ ಕರಕೊಂಡು ಬನ್ನಿ' ಅಂದರೆ ಏಳುತ್ತಾರೆ. ದಿನಕ್ಕೆ ಎರಡು ಸಲ ಹೋಗಿ ನೋಡಿ. ಮಾತು ತೊದಲುತ್ತಿದ್ದರೆ, ಮಂಕಾಗಿದ್ದರೆ, ಮೈ ನಡುಗುತ್ತಿದ್ದದ್ದು ಸುಮ್ಮನೆ ನಿಂತುಹೋಗಿದ್ದರೆ ಕಾಯಬೇಡಿ. ತುರ್ತು ಸಹಾಯದ ನಂಬರ್ 911ಕ್ಕೆ ಫೋನ್ ಮಾಡಿ. ದೇಹ ಸೋಲುತ್ತಿರುವ ಗುರುತು ಅದು.

ಕರೆಂಟ್ ಬಂದ ಕೂಡಲೇ ಎಲ್ಲ ಹಾಕಬಹುದಾ?

ಬೇಡ. ಇಡೀ ಬಡಾವಣೆಯ ತಣ್ಣಗಾದ ಮನೆಗಳು ಒಂದೇ ನಿಮಿಷದಲ್ಲಿ ಹೀಟರ್, ಗೀಸರ್, ಒಲೆ ಎಲ್ಲ ಎಳೆದರೆ ಲೈನು ಮತ್ತೆ ಕುಸಿಯುತ್ತದೆ. ಥರ್ಮೋಸ್ಟಾಟ್ ಕೆಳಗಿಟ್ಟು ಒಂದೊಂದಾಗಿ ಹಾಕಿ.

ತಂತಿಗಳನ್ನು ನೆಲದೊಳಗೆ ಹಾಕಿದರೆ ಮುಗೀತಲ್ವಾ?

ಹೊಸ ಬಡಾವಣೆಗಳಲ್ಲಿ ಹಾಕುತ್ತಾರೆ. ಆದರೆ ನೂರಾರು ಕಿಲೋಮೀಟರ್ ದೂರದ ಅಣೆಕಟ್ಟಿನಿಂದ ಬರುವ ಹೈ ವೋಲ್ಟೇಜ್ ಲೈನನ್ನು ನೆಲದೊಳಗೆ ಹೂಳುವ ಖರ್ಚು ವಿಪರೀತ. 1998ರ ನಂತರ ಎಂಜಿನಿಯರ್ ರೋಜೆ ನಿಕೊಲೆ ನೇತೃತ್ವದ ಆಯೋಗ ಎಲ್ಲವನ್ನೂ ಪರಿಶೀಲಿಸಿತು. ಆಮೇಲೆ ಲೈನುಗಳ ನಡುವೆ ಅಲ್ಲಲ್ಲಿ ಗಟ್ಟಿ ಗೋಪುರಗಳು ಬಂದವು, ಒಂದು ಬಿದ್ದರೆ ಸಾಲಾಗಿ ಎಲ್ಲ ಬೀಳದ ಹಾಗೆ. ಒಂದೇ ಪ್ರದೇಶಕ್ಕೆ ಎರಡು ದಾರಿಯಿಂದ ಕರೆಂಟ್ ಬರುವ ವ್ಯವಸ್ಥೆ ಮಾಡಿದರು. ಲೆವಿ ಎಂಬಲ್ಲಿ ತಂತಿಯೊಳಗೆ ಜೋರಾಗಿ ಡಿಸಿ (ಒಂದೇ ದಿಕ್ಕಿಗೆ ಹರಿಯುವ) ಕರೆಂಟ್ ಹಾಯಿಸಿ, ತಂತಿ ಬಿಸಿಯಾಗಿ ಐಸ್ ಕರಗಿ ಉದುರುವ ಯಂತ್ರ ಕೂರಿಸಿದರು.

ಇದರ ಪೆಟ್ಟು ಮನಸ್ಸಿನ ಮೇಲೂ ಉಳಿಯುತ್ತದಾ?

ಉಳಿಯುತ್ತದೆ. ಮಾಂಟ್ರಿಯಲ್‌ನ ಸಂಶೋಧಕಿ ಸುಝಾನ್ ಕಿಂಗ್ 'ಪ್ರಾಜೆಕ್ಟ್ ಐಸ್ ಸ್ಟಾರ್ಮ್' ಹೆಸರಿನಲ್ಲಿ, ಆಗ ಬಸುರಿಯಾಗಿದ್ದ ಹೆಂಗಸರನ್ನೂ ಆಮೇಲೆ ಹುಟ್ಟಿದ ಅವರ ಮಕ್ಕಳನ್ನೂ ವರ್ಷಗಟ್ಟಲೆ ಗಮನಿಸಿದರು. ತಾಯಿ ಆಗ ಪಟ್ಟ ಕಷ್ಟಕ್ಕೂ ಮಕ್ಕಳ ಬೆಳವಣಿಗೆಗೂ ಸಂಬಂಧ ಕಂಡಿತು. ನಿಮ್ಮ ಬೀದಿಯಲ್ಲಿ ಬಸುರಿ ಇದ್ದರೆ ಬೆಚ್ಚಗಿನ ಕೋಣೆ ಮೊದಲು ಅವರಿಗೆ. ಇದನ್ನು ನಮ್ಮ ಮನೆಗಳಲ್ಲಿ ಯಾರೂ ಹೇಳಿಕೊಡಬೇಕಾಗಿಲ್ಲ.

ಊರಲ್ಲಿ ಅಪ್ಪ ಅಮ್ಮ ಟಿವಿ ನೋಡಿ ಗಾಬರಿಯಾಗುತ್ತಾರೆ. ಏನು ಹೇಳಲಿ?

ಮೊದಲೇ ಮಾತಾಡಿಟ್ಟುಕೊಳ್ಳಿ. ಕರೆಂಟ್ ಹೋದರೆ ಫೋನ್ ಬ್ಯಾಟರಿ ಉಳಿಸಬೇಕು, ವಿಡಿಯೋ ಕಾಲ್ ಇಲ್ಲ, ಬೆಳಿಗ್ಗೆ ಒಂದು ರಾತ್ರಿ ಒಂದು ಮೆಸೇಜ್ ಬರುತ್ತದೆ ಅಂತ ಹೇಳಿಡಿ. ಇಲ್ಲಿ ರಾತ್ರಿ ಎಂಟು ಅಂದರೆ ಅಲ್ಲಿ ಮಾರನೇ ದಿನ ಬೆಳಿಗ್ಗೆ ಆರೂವರೆ, ಅವರು ಎದ್ದಿರುತ್ತಾರೆ. ಆ ಮೆಸೇಜು ತಲುಪಲಿಲ್ಲ ಅಂದರೆ ಯಾರಿಗೆ ಫೋನ್ ಮಾಡಬೇಕು ಅಂತಲೂ ಅವರ ಹತ್ತಿರ ಒಂದು ನಂಬರ್ ಇರಲಿ. ಆ ನಂಬರ್ ನಿಮ್ಮ ಪಕ್ಕದ ಮನೆಯವರದ್ದಾದರೆ ಒಳ್ಳೆಯದು. ಕನ್ನಡ ಬರದಿದ್ದರೂ ನಡೆಯುತ್ತದೆ, ನೀವು ಕ್ಷೇಮವಾಗಿದ್ದೀರಿ ಅಂತ ಹೇಳಲು ಎರಡು ಮಾತು ಸಾಕು.